ಯಾದಗಿರಿ, ಶಹಾಪುರ, ಸುರಪುರ ಸೀಮೆ: ನೆಲ, ಜನ, ದುಡಿಮೆ

ಕರ್ನಾಟಕದ ಈಶಾನ್ಯದ ಬಿಸಿಲು ನಾಡು. ಸುರಪುರ, ಶಹಾಪುರ ತಾಲ್ಲೂಕುಗಳು ಕೃಷ್ಣಾ ಮತ್ತು ಭೀಮಾ ನದಿಗಳ ನಡುವೆ ಇವೆ. ಯಾದಗಿರಿ ಪಟ್ಟಣ ಭೀಮೆಯ ಆಚೆ ದಂಡೆಯಲ್ಲಿದೆ. ಮೂರೂ ಸೇರಿ 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾಯಿತು. ಎರಡು ಹೊಳೆ ಹರಿದರೂ ಹೊಲಗಳು ಬಹುಕಾಲ ಮಳೆಯನ್ನೇ ನಂಬಿದ್ದವು. ಎರೆಭೂಮಿಯಲ್ಲಿ ಬಿಳಿಜೋಳ, ತೊಗರಿ, ಹತ್ತಿ. ಮಸಾರಿಯಲ್ಲಿ ಸಜ್ಜೆ, ಶೇಂಗಾ.

ಇಲ್ಲಿನ ದುಡಿಮೆಯ ಚರಿತ್ರೆ ಬಹಳ ಹಳೆಯದು. ಹುಣಸಗಿ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಸುಮಾರು 12 ಲಕ್ಷ ವರ್ಷ ಹಿಂದಿನದೆನ್ನಲಾದ ಕಲ್ಲಾಯುಧಗಳ ನೆಲೆಯನ್ನು ಅಗೆದು ತೆಗೆದರು. ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಎಬ್ಬಿಸಿ ಕೈಗೊಡಲಿ ಕೆತ್ತಿದ್ದರು. ಸಿಡಿದ ಚಕ್ಕೆಗಳು ಅಲ್ಲೇ ಉಳಿದಿದ್ದವು. ಸುರಪುರ ಸೀಮೆಯ ಬೂದಿಹಾಳದ ಬೂದಿದಿಬ್ಬ ನವಶಿಲಾಯುಗದ ದನಗಾಹಿಗಳದು. ದೊಡ್ಡಿಯ ಸಗಣಿ ರಾಶಿಗೆ ಬೆಂಕಿ ಬಿದ್ದು ಉಳಿದ ಬೂದಿ ಅದು.

ಬಿಜಾಪುರದ ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಖಾನನ ಸಮಾಧಿ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿದೆ. ಆದರೆ ಈ ಸೀಮೆಗೆ ಹೆಸರು ತಂದವರು ಬೇಡ ನಾಯಕರು. ಔರಂಗಜೇಬನ ಕೊನೆಯ ಮುತ್ತಿಗೆ 1705ರಲ್ಲಿ ನಡೆದದ್ದು ಪಿಡ್ಡನಾಯಕನ ವಾಗಿನಗೇರಾ ಕೋಟೆಯ ಮೇಲೆ. ಕೋಟೆ ಹೋಯಿತು, ನಾಯಕ ಸಿಗಲಿಲ್ಲ. ಸುರಪುರ ರಾಜಧಾನಿಯಾಗಿ ಬೆಳೆಯಿತು. 1840ರ ದಶಕದಲ್ಲಿ ಬಾಲರಾಜ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕೆರೆ ಕೆಲಸಕ್ಕೆ ಹಣ ಹಾಕಿದ. ಅವುಗಳಲ್ಲಿ ಬೋನಾಳದ ದೊಡ್ಡ ಕೆರೆ ಇಂದು ಪಕ್ಷಿಗಳ ನೆಲೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ವೆಂಕಟಪ್ಪ ನಾಯಕ ಸೆರೆಸಿಕ್ಕು ಅದೇ ವರ್ಷ ಗುಂಡೇಟಿಗೆ ಬಲಿಯಾದ. 1860ರಲ್ಲಿ ಸುರಪುರ ಸಂಸ್ಥಾನ ನಿಜಾಮನ ಪಾಲಾಯಿತು.

ಮಳೆಯನ್ನೇ ನಂಬಿದ್ದ ಈ ನೆಲವನ್ನು ಬದಲಿಸಿದ್ದು ಕಾಲುವೆ ನೀರು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟರು. 1982ರಲ್ಲಿ ನಾರಾಯಣಪುರ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆ ಹರಿದಲ್ಲೆಲ್ಲ ಜೋಳದ ಹೊಲ ಭತ್ತದ ಗದ್ದೆಯಾಯಿತು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ಆದರೆ ಮೇಲಿನವರು ಭತ್ತಕ್ಕೆ ನೀರು ಕಟ್ಟಿದರೆ ಕಾಲುವೆಯ ಕೊನೆಯ ಊರುಗಳಿಗೆ ಹನಿ ನೀರೂ ತಲುಪುವುದಿಲ್ಲ. ನೀರು ನಿಂತ ಎರೆ ನೆಲ ಸವುಳಾಗುತ್ತದೆ. ಈ ಅನ್ಯಾಯ ಸರಿಹೋಗದೆ ಸೀಮೆಯ ಬಡತನ ನೀಗದು.

2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 11.74 ಲಕ್ಷ; ಸಾಕ್ಷರತೆ ಸುಮಾರು 52%, ರಾಜ್ಯದಲ್ಲೇ ಕನಿಷ್ಠ. ಬೇಡರು, ಕಬ್ಬಲಿಗರು, ಕುರುಬರು, ಲಿಂಗಾಯತರು, ಮುಸ್ಲಿಮರು, ದಲಿತರು, ತಾಂಡಾಗಳ ಲಂಬಾಣಿಗರು ಇಲ್ಲಿನ ಮುಖ್ಯ ಸಮುದಾಯಗಳು. ಮನೆಮಾತು ಕನ್ನಡದ ಜೊತೆ ಉರ್ದು, ಲಂಬಾಣಿ. ಗುರುಮಠಕಲ್ ಕಡೆ ತೆಲುಗು. ಸುಗ್ಗಿ ಮುಗಿದ ಮೇಲೆ ಕೆಲಸವಿಲ್ಲದವರು ಜೋಳದ ಚೀಲ, ಪಾತ್ರೆ ಗಂಟು ಹೊತ್ತು ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುತ್ತಾರೆ. ತಾಯಿಯ ಜೊತೆ ಹೋದ ಮಗುವಿನ ಶಾಲೆ ಅಲ್ಲಿಗೆ ತಪ್ಪುತ್ತದೆ.

ನೆಲದಡಿಯ ಸಂಪತ್ತೂ ಇದೆ. ಗೋಗಿಯಲ್ಲಿ ಸುಣ್ಣಕಲ್ಲು ಮತ್ತು ಗ್ರಾನೈಟ್ ಕೂಡುವ ಬಿರುಕಿನ ಉದ್ದಕ್ಕೂ ಅಣು ಖನಿಜ ನಿರ್ದೇಶನಾಲಯ ಯುರೇನಿಯಂ ಅದಿರನ್ನು ಗುರುತಿಸಿದೆ. ಬಾವಿ ನೀರು ಕೆಡುತ್ತದೆಂಬ ಭಯದಿಂದ ಊರವರು ಗಣಿಗಾರಿಕೆಯನ್ನು ವಿರೋಧಿಸಿದ್ದಾರೆ.