ಊಷರಶಬ್ದವಿಚಾರ

ಊಷರವೆಂದರೆ ಏನೂ ಬೆಳೆಯದ ನೆಲವೆಂದು ನಾವು ಪಾಠಶಾಲೆಯಲ್ಲಿ ಕಲಿತೆವು. ಶಿಷ್ಯರಿಗೂ ಹಾಗೆಯೇ ಹೇಳಿಕೊಟ್ಟೆವು. ಅಪಾತ್ರನಲ್ಲಿ ವಿದ್ಯೆಯನ್ನು ಬಿತ್ತುವುದು ಊಷರದಲ್ಲಿ ಒಳ್ಳೆಯ ಬೀಜವನ್ನು ಬಿತ್ತಿದಂತೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯವು ನಿಷೇಧಿಸುತ್ತದೆ. ಊಷರವೃಷ್ಟಿನ್ಯಾಯವೂ ಪ್ರಸಿದ್ಧವೇ. ಆದರೆ ಈ ಅರ್ಥವು ಶಬ್ದದಲ್ಲಿಯೇ ಇರುವುದೋ, ಹೊರಗಿನಿಂದ ಬಂದುದೋ ಎಂಬುದು ವಿಚಾರಾರ್ಹವಾಗಿದೆ.

ಪಾಣಿನಿಯು ಊಷಶಬ್ದದ ಮೇಲೆ ಮತ್ವರ್ಥದಲ್ಲಿ ರಪ್ರತ್ಯಯವನ್ನು ವಿಧಿಸಿದ್ದಾನೆ. ಊಷವು ಕ್ಷಾರದ ಮಣ್ಣೆಂದು ಅಮರಸಿಂಹನ ಮತ. ಆದುದರಿಂದ ಕ್ಷಾರದ ಮಣ್ಣುಳ್ಳದ್ದು ಊಷರ, ಯೋಗಾರ್ಥವು ಇಷ್ಟೇ. ಎಲ್ಲ ಬೆಳೆಗಳಿಗೂ ಒದಗುವ ಉರ್ವರೆಯನ್ನು ಹೇಳಿದ ಕೂಡಲೇ ಅಮರನು ಊಷವನ್ನು ಹೇಳಿರುವುದರಿಂದ ಬಂಜೆತನವು ಸೂಚಿತವೆಂದು ಆಕ್ಷೇಪಿಸಬಹುದು. ಅದು ಸಾನ್ನಿಧ್ಯದಿಂದ ತೋರುವುದೇ ಹೊರತು ಅಭಿಧೆಯಿಂದಲ್ಲ. ಇವರಿಗಿಂತ ಹಿಂದಿನದಾದ ಶತಪಥಬ್ರಾಹ್ಮಣದಲ್ಲಿ ಅಗ್ನ್ಯಾಧಾನದ ಸಂಭಾರಗಳೊಳಗೆ ಊಷವೂ ಒಂದು. ಅಲ್ಲಿ ಊಷರವು ಪಶುಗಳಿಗೆ ಹಿತವಾದುದೆಂದು ಹೊಗಳಲ್ಪಟ್ಟಿದೆ. ದನಗಾಹಿಗೆ ಹಿತವಾಗಿದ್ದ ನೆಲವು ಆರಂಬಗಾರನಿಗೆ ಹಾಳಾಯಿತು. ರೂಢಾರ್ಥವು ನೇಗಿಲಿನ ಕಡೆಯಿಂದ ಬಂದುದೆಂದು ನನ್ನ ಅಭಿಪ್ರಾಯ. (ಇದರಿಂದ ಋಷಿಗಳು ಸೂಕ್ಷ್ಮಜೀವಿಗಳನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವವರ ಪಂಕ್ತಿಯಲ್ಲಿ ನಾನಿಲ್ಲ.)

ಚೌಳು ನೆಲದೊಳಗಿನ ಜೀವವು ವಿದ್ವಾಂಸರ ಕಣ್ಣಿಗೆ ಬಿದ್ದುದು ಈಚೆಗೆ. 1833ರಲ್ಲಿ ಚಾರ್ಲ್ಸ್ ಡಾರ್ವಿನ್ ಪಂಡಿತನು ದಕ್ಷಿಣ ಅಮೆರಿಕದ ರಿಯೋ ನೀಗ್ರೋ ನದಿಯ ಸಮೀಪದಲ್ಲಿ ಉಪ್ಪಿನ ಕೆರೆಯೊಂದನ್ನು ನೋಡಿದನು. ಕೆಸರು ಕಪ್ಪಾಗಿ ನಾರುತ್ತಿದ್ದಿತು. ನೀರು ಅಲ್ಲಲ್ಲಿ ಕೆಂಪಾಗಿ ಕಾಣುತ್ತಿದ್ದಿತು. ಕೆಸರಿನಲ್ಲಿ ಹುಳುಗಳೂ ಅಲ್ಲಿಯೇ ಫ್ಲೆಮಿಂಗೊ ಹಕ್ಕಿಗಳೂ ಇದ್ದವು. ಕೆಂಪಿಗೆ ಸೂಕ್ಷ್ಮಪ್ರಾಣಿಗಳು ಕಾರಣವಾಗಿರಬಹುದೆಂದು ಆತನು ಊಹಿಸಿದನು. 1838ರಲ್ಲಿ ಫ್ರಾನ್ಸಿನ ದ್ಯುನಾಲನು ಉಪ್ಪಿನಗದ್ದೆಗಳ ಕೆಂಪಿಗೆ ಅತಿಸೂಕ್ಷ್ಮವಾದ ಪಾಚಿಯೇ ಕಾರಣವೆಂದನು. 1905ರಲ್ಲಿ ಆ ಪಾಚಿಗೆ ಆತನ ಹೆಸರಿನಿಂದಲೇ ಡ್ಯುನಾಲಿಯೆಲ್ಲಾ ಎಂದು ನಾಮಕರಣವಾಯಿತು. ಹೆಸರಿನಲ್ಲಿಯೇ ಮೃತವಾದ ಮೃತಸಮುದ್ರದಲ್ಲಿಯೂ ಜೀವಿಗಳಿರುವುವೆಂದು 1936ರಲ್ಲಿ ವೊಲ್ಕಾನಿಯು ಪ್ರಕಟಿಸಿದನು.

ಉಪ್ಪು ಜೀವಕೋಶದ ನೀರನ್ನು ಹೊರಕ್ಕೆ ಸೆಳೆಯುತ್ತದೆ. ಇದಕ್ಕೆ ಆ ಜೀವಿಗಳು ಮಾಡಿಕೊಂಡಿರುವ ಉಪಾಯಗಳು ಎರಡು. ಡ್ಯುನಾಲಿಯೆಲ್ಲಾ ತನ್ನೊಳಗೆ ಗ್ಲಿಸರಾಲನ್ನು ತುಂಬಿಕೊಳ್ಳುತ್ತದೆ. ಕೆಂಪಿಗೆ ಮತ್ತೊಂದು ಕಾರಣವಾದ ಲವಣಪ್ರಿಯ ಆರ್ಕಿಯಾಗಳಾದರೋ ಹೊರಗಿನ ಉಪ್ಪಿಗೆ ಸಮನಾಗಿ ಒಳಗೆ ಪೊಟ್ಯಾಸಿಯಂ ಲವಣವನ್ನೇ ತುಂಬಿಕೊಳ್ಳುವುವು. ಇವು ಬ್ಯಾಕ್ಟೀರಿಯಾಗಳಿಂದ ಭಿನ್ನವಾದ ವಂಶಕ್ಕೆ ಸೇರಿದುವೆಂಬುದು ವೋಸ್ ಮತ್ತು ಫಾಕ್ಸ್ ಎಂಬವರು 1977ರಲ್ಲಿ ಆರಂಭಿಸಿದ ಶೋಧನೆಯಿಂದ ಸ್ಥಿರಪಟ್ಟಿತು. ಕೆಸರಿನಲ್ಲಿ ಪದರಗಳೂ ಉಂಟು: ಮೇಲೆ ಹಸುರಿನವು, ಅವುಗಳ ಕೆಳಗೆ ನೇರಳೆಯವು, ಇನ್ನೂ ಕೆಳಗೆ ಗಾಳಿಯಿಲ್ಲದೆಯೇ ಬದುಕಿ ಸಲ್ಫೇಟಿನಿಂದ ದುರ್ಗಂಧದ ವಾಯುವನ್ನು ಹುಟ್ಟಿಸುವವು. ಡಾರ್ವಿನನ ಮೂಗಿಗೆ ಹೊಡೆದುದು ಇಂಥವುಗಳ ಕೆಲಸವೇ.

ಮನುವಿನ ಉಪಮೆಗೆ ಇದರಿಂದ ಬಾಧೆಯಿಲ್ಲ; ಬಿತ್ತಿದ ಭತ್ತಕ್ಕೆ ಚೌಳು ಚೌಳೇ. ಆದರೆ ನಿಘಂಟುಗಳಲ್ಲಿ ‘ಏನೂ ಹುಟ್ಟದ ನೆಲ’ ಎಂಬುದನ್ನು ಮೊದಲರ್ಥವಾಗಿ ಕೊಡುವುದು ಯುಕ್ತವಲ್ಲ.

ಈ ದೋಷವು ಶಬ್ದಮಾತ್ರಕ್ಕೆ ನಿಲ್ಲುವುದೂ ಇಲ್ಲ. ರಾಜಸ್ಥಾನದ ಸಾಂಭರ ಸರೋವರವನ್ನು ನೋಡಬಹುದು. ವೈದ್ಯಗ್ರಂಥಗಳ ರೌಮಕಲವಣವು ಅಲ್ಲಿಯದೆಂದು ಹೇಳುವರು. 1870ರಲ್ಲಿ ಆಂಗ್ಲ ಸರಕಾರವು ಜಯಪುರ ಜೋಧಪುರಗಳಿಂದ ಅದನ್ನು ಗುತ್ತಿಗೆಗೆ ಪಡೆದುದು ಉಪ್ಪಿಗಾಗಿಯೇ. ಅದು ಜೀವಿಗಳ ನೆಲೆಯೆಂದು ರಾಮ್ಸಾರ್ ಪಟ್ಟಿಗೆ ಸೇರಿದುದು 1990ರಲ್ಲಿ. 2019ರ ನವೆಂಬರಿನಲ್ಲಿ ಅಲ್ಲಿ ಸಾವಿರಾರು ವಲಸೆಹಕ್ಕಿಗಳು ಸತ್ತುಬಿದ್ದವು. ಬರೇಲಿಯ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯು ಕಾರಣವನ್ನು ಬಾಟುಲಿಸಂ ಎಂದು ನಿರ್ಣಯಿಸಿತು. ಈ ವಿಷವನ್ನು ಹುಟ್ಟಿಸುವ ಬ್ಯಾಕ್ಟೀರಿಯಾದ ಬೀಜಕಣಗಳು ಕೆಸರಿನಲ್ಲಿ ಬಹುಕಾಲ ಸುಮ್ಮನಿರುವುವು. ಉಪ್ಪು ಅತಿಯಾದಲ್ಲಿ ಅವು ಬೆಳೆಯಲಾರವು; ಉಪ್ಪು ತಗ್ಗಿ, ಗಾಳಿಯಾಡದೆ ಕೊಳೆತ ಪದಾರ್ಥವು ಬೆಚ್ಚಗೆ ಸಿಕ್ಕಿದಲ್ಲಿ ಮೊಳೆಯುವುವು. ಸತ್ತ ಹಕ್ಕಿಯ ಮೈಯಲ್ಲಿ ಹುಟ್ಟಿದ ಹುಳುಗಳಲ್ಲಿ ಆ ವಿಷವು ಸೇರಿ, ಅವನ್ನು ತಿಂದ ಹಕ್ಕಿಯೂ ಸಾಯುತ್ತದೆ. ಆದುದರಿಂದ ಮೊದಲ ಶವಗಳನ್ನು ಕಂಡ ದಿನವೇ ತೆಗೆದು ಹೂಳಬೇಕಾಗುತ್ತದೆ. ಅದಕ್ಕೆ ಆ ಬಯಲಿನಲ್ಲಿ ದಿನವೂ ನಡೆದು ನೋಡುವವರು ಬೇಕು.