ತಿರುಗುವ ತಟ್ಟೆಯಿಂದ ಎಸ್‌ಎಸ್‌ಡಿವರೆಗೆ: ಒಬ್ಬ ಲೆಕ್ಕಿಗನ ಕಣ್ಣಿನಲ್ಲಿ



ದಿಕ್ಸೂಚಿ ಭಾಷಣ ಮಾಡಬೇಕು ಎಂದು ಸಂಘದವರು ಫೋನ್ ಮಾಡಿದಾಗ, ‘ನಾನು ಸಾಹಿತಿಯಲ್ಲ, ಚಾರ್ಟರ್ಡ್ ಅಕೌಂಟೆಂಟು, ನನಗೆ ಗೊತ್ತಿರುವುದು ಡೆಬಿಟ್ಟು ಕ್ರೆಡಿಟ್ಟು’ ಎಂದೆ. ‘ಈ ಸಲ ತಂತ್ರಜ್ಞಾನದ ಗೋಷ್ಠಿ ಸಾರ್, ನಮಗೆ ಅರ್ಥ ಆಗೋ ಹಾಗೆ ಮಾತಾಡೋರು ಬೇಕು’ ಅಂದರು. ಹಾಗಾಗಿ ಕಂಪ್ಯೂಟರಿನ ಒಳಗಿರುವ ಒಂದೇ ಒಂದು ಭಾಗದ ಚರಿತ್ರೆಯನ್ನು ಹೇಳಲು ಬಂದಿದ್ದೇನೆ. ಅದು ಲೆಕ್ಕಪತ್ರಕ್ಕೆಂದೇ ಹುಟ್ಟಿದ ವಸ್ತು. ಅದರ ವಿಷಯದಲ್ಲಿ ನಾನು ಒಂದು ತಪ್ಪನ್ನೂ ಮಾಡಿದ್ದೇನೆ. ಅದನ್ನೂ ಹೇಳುತ್ತೇನೆ.

ನಮ್ಮೂರು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ದಿನದ ವ್ಯವಹಾರವನ್ನೆಲ್ಲ ಕಿರ್ದಿಯಲ್ಲಿ ಬರೆದು, ಸಂಜೆ ಒಬ್ಬೊಬ್ಬ ರೈತನ ಖಾತೆಯ ಪುಟಕ್ಕೆ ಏರಿಸುತ್ತಿದ್ದರು. ಯಾರಾದರೂ ಬಂದು ‘ನನ್ನ ಬಾಕಿ ಎಷ್ಟಿದೆ ಸ್ವಾಮಿ?’ ಎಂದರೆ ಅಪ್ಪ ದಪ್ಪ ಪುಸ್ತಕದಲ್ಲಿ ಹೆಬ್ಬೆರಳು ಇಟ್ಟು ಸರಿಯಾಗಿ ಆ ಪುಟವನ್ನೇ ತೆರೆಯುತ್ತಿದ್ದರು. ಮೊದಲ ಪುಟದಿಂದ ಹುಡುಕುತ್ತಿರಲಿಲ್ಲ. ಬೇಕಾದ ಪುಟಕ್ಕೆ ನೇರವಾಗಿ ಹೋಗುವ ಈ ಸಾಮರ್ಥ್ಯ 1950ರ ದಶಕದ ಆರಂಭದವರೆಗೂ ದೊಡ್ಡ ಕಂಪನಿಗಳ ಲೆಕ್ಕದ ಯಂತ್ರಗಳಿಗೆ ಇರಲಿಲ್ಲ. ಆಗ ಲೆಕ್ಕವೆಲ್ಲ ತೂತು ಹೊಡೆದ ಕಾರ್ಡುಗಳಲ್ಲಿ, ಇಲ್ಲವೇ ಟೇಪಿನಲ್ಲಿ. ದಿನದ ವ್ಯವಹಾರವನ್ನು ಕೂಡಿಹಾಕಿ, ಕಾರ್ಡುಗಳನ್ನು ಕ್ರಮವಾಗಿ ಜೋಡಿಸಿ, ಒಟ್ಟಿಗೆ ಯಂತ್ರಕ್ಕೆ ಉಣಿಸಬೇಕು. ಒಬ್ಬ ಗಿರಾಕಿಯ ಬಾಕಿ ಬೇಕೆಂದರೂ ಸರತಿ ಬರುವವರೆಗೆ ಕಾಯಬೇಕು.

ಈ ಕಾಯುವಿಕೆಯನ್ನು ತಪ್ಪಿಸಲು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಐಬಿಎಂ ಕಂಪನಿಯ ರೆನಾಲ್ಡ್ ಜಾನ್ಸನ್ ಅವರ ತಂಡ ಒಂದು ಯಂತ್ರ ಕಟ್ಟಿತು. 1956ರ ಸೆಪ್ಟೆಂಬರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಹೆಸರು ರಾಮ್ಯಾಕ್. ಇಂಗ್ಲಿಷಿನಲ್ಲಿ ಅದರ ವಿಸ್ತಾರ ರ‍್ಯಾಂಡಮ್ ಆಕ್ಸೆಸ್ ಮೆಥಡ್ ಆಫ್ ಅಕೌಂಟಿಂಗ್ ಆ್ಯಂಡ್ ಕಂಟ್ರೋಲ್. ಹೆಸರಿನಲ್ಲೇ ಅಕೌಂಟಿಂಗ್ ಇದೆ ನೋಡಿ! ಲೋಕದ ಮೊದಲ ಹಾರ್ಡ್ ಡಿಸ್ಕ್ ಹುಟ್ಟಿದ್ದು ನಮ್ಮ ಕಸುಬಿಗಾಗಿ ಎಂದು ನಾನು ಎಲ್ಲ ಕಡೆ ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತೇನೆ. 24 ಅಂಗುಲ ಅಗಲದ 50 ತಟ್ಟೆಗಳು ಒಂದರ ಮೇಲೊಂದು, ಒಂದೇ ಅಕ್ಷದ ಸುತ್ತ ತಿರುಗುತ್ತಿದ್ದವು. ಒಟ್ಟು 50 ಲಕ್ಷ ಅಕ್ಷರಗಳಷ್ಟು ಜಾಗ. ಇವತ್ತು ನಿಮ್ಮ ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋಗೆ ಅದು ಸಾಲದೇ ಹೋಗಬಹುದು. ತಿಂಗಳ ಬಾಡಿಗೆ 3,200 ಡಾಲರ್. ಕೇಳಿದ ದಾಖಲೆಯ ಮೇಲೆ ಕೈ ಇಡಲು ಅದಕ್ಕೆ ಸರಾಸರಿ 0.6 ಸೆಕೆಂಡ್ ಬೇಕಿತ್ತು.

ಈ 0.6 ಸೆಕೆಂಡನ್ನು ನೆನಪಿಟ್ಟುಕೊಳ್ಳಿ.

ಮುಂದಿನದು ಕುಗ್ಗುವ ಕಥೆ. 1980ರಲ್ಲಿ ಅದೇ ಐದು ಮೆಗಾಬೈಟ್ ಐದೂಕಾಲು ಅಂಗುಲದ ಡಬ್ಬಿಗೆ ಇಳಿಯಿತು. 1983ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ 10 ಮೆಗಾಬೈಟ್ ಡಿಸ್ಕಿನೊಂದಿಗೆ ಮೇಜಿನ ಮೇಲೆ ಬಂತು. ಮೂರು ವರ್ಷದ ನಂತರ, 1986ರಲ್ಲಿ, ಬೆಂಗಳೂರಿನಲ್ಲಿ ಗೋಯೆಂಕಾ ತಂದೆ ಮಗ ಪ್ಯೂಟ್ರಾನಿಕ್ಸ್ ಎಂಬ ಕಂಪನಿ ಶುರುಮಾಡಿದರು. ಅವರ ತಂತ್ರಾಂಶವೇ ಮುಂದೆ ಟ್ಯಾಲಿ ಆಯಿತು. ಈ ಸಭೆಯಲ್ಲಿ ಟ್ಯಾಲಿ ಕಲಿತ ಬಲದ ಮೇಲೆ ವೀಸಾ ಸಿಕ್ಕವರು ಎಷ್ಟು ಜನ ಇದ್ದೀರಿ ಎಂದು ಕೈ ಎತ್ತಿಸಿದರೆ ಅರ್ಧ ಸಭಾಂಗಣ ಎತ್ತೀತು. ಆರ್ಟಿಕಲ್‌ಶಿಪ್ ಮಾಡುವಾಗ ನಾನೂ ಗಿರಾಕಿಗಳ ಕಂಪ್ಯೂಟರಿಗೆ ಡಿಸ್ಕ್ ತರಲು ಎಸ್‌ಪಿ ರೋಡಿಗೆ ಅಲೆದವನೇ.

2005ರ ಹೊತ್ತಿಗೆ 500 ಗಿಗಾಬೈಟ್ ಡಿಸ್ಕ್ ಬಂತು. ಇಲ್ಲಿ ಲೆಕ್ಕಿಗನ ಪೆನ್ಸಿಲ್ ಹಿಡಿದು ನೋಡೋಣ. ಸುಮಾರು 50 ವರ್ಷದಲ್ಲಿ ಜಾಗ ಲಕ್ಷ ಪಟ್ಟು ಹೆಚ್ಚಿತು. ವೇಗ? ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ ಒಂದು ಸುತ್ತು ಹಾಕಲು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ ಅದರರ್ಧ, ಅಂದರೆ ನಾಲ್ಕು ಚಿಲ್ಲರೆ. ಮುಳ್ಳು ಸರಿಯಾದ ಸಾಲಿಗೆ ಸರಿಯಲು ಇನ್ನೊಂದು ಎಂಟೊಂಬತ್ತು. ಒಟ್ಟು ಹದಿಮೂರರ ಆಸುಪಾಸು. 600 ಮಿಲಿಸೆಕೆಂಡ್ 13ಕ್ಕೆ ಇಳಿದಿದೆ, ಐವತ್ತು ಪಟ್ಟು ಕೂಡ ಇಲ್ಲ. ಗೋದಾಮು ಲಕ್ಷ ಪಟ್ಟು ದೊಡ್ಡದಾಯಿತು, ಸಾಮಾನು ಹೊರುವ ಹಮಾಲಿ ಮಾತ್ರ ಅವನೊಬ್ಬನೇ. ಸೆಕೆಂಡಿಗೆ ಎಪ್ಪತ್ತೈದು ಸಲ ಓಡಾಡಿದರೆ ಅವನ ಕೆಲಸ ಮುಗಿಯಿತು. ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಕಡತಗಳನ್ನು ಬೇರೆ ಬೇರೆ ಮೂಲೆಗಳಿಂದ ಕೇಳುತ್ತದೆ. ಅದೇ ಹೊತ್ತಿಗೆ ಆ್ಯಂಟಿವೈರಸ್ಸೂ ಎದ್ದು ತನ್ನ ಪಟ್ಟಿ ಹಿಡಿದು ನಿಲ್ಲುತ್ತದೆ. ಬೆಳಿಗ್ಗೆ ಸ್ವಿಚ್ ಒತ್ತಿ ಚಾ ಕುಡಿದು ಬರುವ ಅಭ್ಯಾಸ ನಮಗೆಲ್ಲ ಬಂದದ್ದು ಹೀಗೆ. ಪ್ರೊಸೆಸರ್ ಬಹುಪಾಲು ಸುಮ್ಮನೆ ಕಾಯುತ್ತಿತ್ತು. ನಾವು ಬೈಯುತ್ತಿದ್ದದ್ದು ಅದನ್ನೇ.

ತಿರುಗುವ ಭಾಗವಿಲ್ಲದ ಡಿಸ್ಕಿನ ಕನಸು ಹೊಸದಲ್ಲ. 1978ರಲ್ಲೇ ಸ್ಟೋರೇಜ್‌ಟೆಕ್ ಕಂಪನಿ 45 ಮೆಗಾಬೈಟಿನ ಅಂಥದ್ದೊಂದನ್ನು ಮಾರಿತ್ತು. ಬೆಲೆ ಸುಮಾರು ನಾಲ್ಕು ಲಕ್ಷ ಡಾಲರ್. ಸಾಮಾನ್ಯರ ಮೇಜಿಗೆ ಅದನ್ನು ತಂದದ್ದು ಬೇರೆ ದಾರಿ, ಅದು ಜಪಾನಿನಲ್ಲಿ ತೆರೆಯಿತು. ತೋಷಿಬಾ ಕಂಪನಿಯ ಎಂಜಿನಿಯರ್ ಫುಜಿಯೊ ಮಸುವೊಕಾ ಕರೆಂಟ್ ಹೋದರೂ ಮರೆಯದ, ಒಂದೇ ಏಟಿಗೆ ಅಳಿಸಬಹುದಾದ ಚಿಪ್ಪನ್ನು ರೂಪಿಸಿ, 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಮ್ಮೇಳನವೊಂದರಲ್ಲಿ ಮಂಡಿಸಿದರು. ಅಳಿಸುವ ರೀತಿ ಕ್ಯಾಮೆರಾದ ಫ್ಲ್ಯಾಶ್ ಹೊಡೆದಂತಿದೆ ಎಂದು ಸಹೋದ್ಯೋಗಿ ಶೋಜಿ ಅರಿಯಿಜುಮಿ ಹೇಳಿದ್ದರಿಂದ ಅದಕ್ಕೆ ಫ್ಲ್ಯಾಶ್ ಎಂದೇ ಹೆಸರಾಯಿತು. 1987ರಲ್ಲಿ ಅವರು ಮಂಡಿಸಿದ ನ್ಯಾಂಡ್ ಎಂಬ ಬಗೆಯೇ ಇವತ್ತು ನಮ್ಮ ಪೆನ್‌ಡ್ರೈವಿನಲ್ಲಿ, ಮೊಬೈಲಿನಲ್ಲಿ, ಎಸ್‌ಎಸ್‌ಡಿಯಲ್ಲಿ ಇರುವುದು. ಮಸುವೊಕಾ 1994ರಲ್ಲಿ ಕಂಪನಿ ಬಿಟ್ಟು ತೊಹೊಕು ವಿಶ್ವವಿದ್ಯಾಲಯ ಸೇರಿದರು. ತನ್ನ ಆವಿಷ್ಕಾರಕ್ಕೆ ಸಲ್ಲಬೇಕಾದ್ದು ಸಲ್ಲಲಿಲ್ಲ ಎಂದು 2004ರಲ್ಲಿ 100 ಕೋಟಿ ಯೆನ್ ಕೇಳಿ ದಾವೆ ಹೂಡಿದರು. 2006ರಲ್ಲಿ 8 ಕೋಟಿ 70 ಲಕ್ಷ ಯೆನ್‌ಗೆ ರಾಜಿಯಾಯಿತು. ಕೇಳಿದ್ದರಲ್ಲಿ ಶೇಕಡ ಒಂಬತ್ತೂ ಇಲ್ಲ. ಸಂಬಳಕ್ಕೆ ದುಡಿಯುವ ನಮಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಅಮೆರಿಕದಲ್ಲಿ ಎಲಿ ಹರಾರಿ, ಸಂಜಯ್ ಮೆಹ್ರೋತ್ರಾ, ಜ್ಯಾಕ್ ಯುವಾನ್ ಎಂಬ ಮೂವರು 1988ರಲ್ಲಿ ಸನ್‌ಡಿಸ್ಕ್ ಕಂಪನಿ ಕಟ್ಟಿದರು, ಆಮೇಲೆ ಅದು ಸ್ಯಾನ್‌ಡಿಸ್ಕ್ ಆಯಿತು. ಮೆಹ್ರೋತ್ರಾ ಕಾನ್ಪುರದಲ್ಲಿ ಹುಟ್ಟಿದವರು. 1991ರಲ್ಲಿ ಅವರು ಐಬಿಎಂಗೆ ಕೊಟ್ಟ ಫ್ಲ್ಯಾಶ್ ಡ್ರೈವಿನಲ್ಲಿ 20 ಮೆಗಾಬೈಟ್ ಜಾಗ, ಬೆಲೆ 1,000 ಡಾಲರ್. ಅಂದರೆ ಮೆಗಾಬೈಟಿಗೆ 50. ಆ ದರದಲ್ಲಿ 256 ಗಿಗಾಬೈಟ್ ಕೊಳ್ಳಲು ಒಂದು ಕೋಟಿ ಇಪ್ಪತ್ತೆಂಟು ಲಕ್ಷ ಡಾಲರ್ ಬೇಕಾಗುತ್ತಿತ್ತು. 2008ರಲ್ಲಿ ಇಂಟೆಲ್‌ನ 80 ಗಿಗಾಬೈಟ್ ಡ್ರೈವ್ 595 ಡಾಲರಿಗೆ, ನಮ್ಮ ಲೆಕ್ಕದಲ್ಲಿ ಸುಮಾರು 2,200 ದಿರ್ಹಮಿಗೆ ಬಂತು. 2014ರಲ್ಲಿ 256 ಗಿಗಾಬೈಟ್ 400 ದಿರ್ಹಮಿಗೆ ಸಿಗುತ್ತಿತ್ತು.

ಇಷ್ಟು ಅಗ್ಗವಾದದ್ದು ಹೇಗೆ? ಒಂದು ಕೋಶದಲ್ಲಿ ಒಂದು ಬಿಟ್ ಇಡುತ್ತಿದ್ದ ಕಡೆ ಎರಡು, ಮೂರು ಬಿಟ್ ಇಡಲು ಕಲಿತರು. ಜಾಗ ಸಾಲದಾದಾಗ ಕೋಶಗಳ ಮೇಲೆ ಕೋಶ ಕಟ್ಟಿದರು. 2013ರಲ್ಲಿ ಸ್ಯಾಮ್ಸಂಗ್ 24 ಅಂತಸ್ತಿನ ಚಿಪ್ ತಯಾರಿಸಿತು. ನೆಲ ದುಬಾರಿಯಾದರೆ ಮೇಲಕ್ಕೆ ಕಟ್ಟಬೇಕು ಎಂಬುದನ್ನು ದುಬೈನಲ್ಲಿ ಸೆಂಟ್ರಿಂಗ್ ಕಟ್ಟುವವರಿಗೆ ನಾನು ವಿವರಿಸಬೇಕಾಗಿಲ್ಲ. ಈ ನಡುವೆ 2011ರಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಹಾರ್ಡ್ ಡಿಸ್ಕ್ ಕಾರ್ಖಾನೆಗಳೇ ಮುಳುಗಿ, ಹಳೇ ಡಿಸ್ಕಿನ ಬೆಲೆ ಎಲ್ಲೆಲ್ಲೂ ಏರಿತು. ಹೊಸದರ ಕಡೆ ಜನ ನೋಡಲು ಅದೂ ಒಂದು ಕಾರಣ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. 2014ರಲ್ಲಿ ನಾನು ಒಂದು ಕಾಂಟ್ರ್ಯಾಕ್ಟಿಂಗ್ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಆ ವರ್ಷ ಏಪ್ರಿಲಿನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತಿದ್ದರಿಂದ ಹಳೇ ಕಂಪ್ಯೂಟರುಗಳಿಗೇ ವಿಂಡೋಸ್ 7 ಹಾಕಿಸಿದ್ದೆವು. ಜೆಬೆಲ್ ಅಲಿ ಕಡೆಯ ಸೈಟ್ ಆಫೀಸಿನಲ್ಲಿ ಟೈಮ್‌ಕೀಪರ್ ಆಗಿದ್ದವನು ಕುಂದಾಪುರದ ಹುಡುಗ. ನೂರೆಂಬತ್ತು ಜನರ ಹಾಜರಿ, ಓವರ್‌ಟೈಮ್ ಎಲ್ಲ ಸೇರಿಸಿ ವೇತನದ ಕಡತ ಮಾಡಿ ಕಳಿಸುವುದು ಅವನ ಕೆಲಸ. ಡಬ್ಲ್ಯುಪಿಎಸ್ ಬಂದ ಮೇಲೆ ಆ ಕಡತ ಬ್ಯಾಂಕಿಗೆ ಹೋದರಷ್ಟೇ ಸಂಬಳ ಖಾತೆಗೆ ಬೀಳುತ್ತಿತ್ತು.

ಅವನು ಒಂದು ದಿನ ಬಂದು, ‘ಸಾರ್, ಆ ಸಿಸ್ಟಮ್ಮು ಏಳೂದಕ್ಕೇ ಏಳೆಂಟು ನಿಮಿಷ ಬೇಕು. ಒಂದು ಎಸ್‌ಎಸ್‌ಡಿ ಹಾಕ್ಸಿ ಕೊಡಿ, ನಾಲ್ಕುನೂರು ದಿರ್ಹಮ್ ಅಷ್ಟೇ’ ಅಂದ.

‘ಪುಸ್ತಕದಲ್ಲಿ ಆ ಸಿಸ್ಟಮ್ಮಿನ ಬೆಲೆ ಸೊನ್ನೆ ಕಣಪ್ಪ. ಸೊನ್ನೆ ಬೆಲೆಯದಕ್ಕೆ ನಾನೂರು ಸುರಿಯೋದಾ? ಮುಂದಿನ ವರ್ಷ ಹೊಸದೇ ತಗೊಳ್ಳೋಣ. ಅದೂ ಅಲ್ಲದೆ ಎಸ್‌ಎಸ್‌ಡಿ ಬೇಗ ಸವೆಯುತ್ತಂತೆ’ ಎಂದು ಅರ್ಜಿಯ ಮೇಲೆ ನಿರಾಕರಿಸಲಾಗಿದೆ ಎಂದು ಬರೆದೆ.

ಎರಡೂ ತಪ್ಪು ಲೆಕ್ಕ. ಸವಕಳಿಯ ಪುಸ್ತಕ ಹೇಳುವುದು ಕಳೆದ ವರ್ಷಗಳ ಖರ್ಚನ್ನು. ಆ ಮೇಜಿನ ಮೇಲೆ ಮುಂದೆ ನಡೆಯಬೇಕಾದ ಕೆಲಸದ ಬೆಲೆಯನ್ನಲ್ಲ. ಇದು ನಾನೇ ಆರ್ಟಿಕಲ್ ಹುಡುಗರಿಗೆ ಹೇಳಿಕೊಡುವ ಪಾಠ. ಇನ್ನು ಸವೆತ. ಫ್ಲ್ಯಾಶ್ ಕೋಶವನ್ನು ಇಷ್ಟೇ ಸಲ ಬರೆದು ಅಳಿಸಬಹುದು ಎಂಬುದು ನಿಜ. ಆದರೆ ಡ್ರೈವಿನೊಳಗಿನ ನಿಯಂತ್ರಕ ಬರಹವನ್ನು ಎಲ್ಲ ಕೋಶಗಳಿಗೂ ಹಂಚುತ್ತದೆ. ಆ ದರ್ಜೆಯ ಡ್ರೈವಿಗೆ ತಯಾರಕರು ಕೊಡುತ್ತಿದ್ದ ಖಾತರಿ ಸುಮಾರು 70 ಟೆರಾಬೈಟ್ ಬರಹಕ್ಕೆ. ದಿನಕ್ಕೆ 20 ಗಿಗಾಬೈಟ್ ಬರೆದರೂ 3,500 ದಿನ, ಒಂಬತ್ತೂವರೆ ವರ್ಷ. ಟೈಮ್‌ಕೀಪರನ ಎಕ್ಸೆಲ್ ಅದರ ಹತ್ತರಲ್ಲೊಂದು ಪಾಲು ಬರೆದರೆ ಹೆಚ್ಚು.

ಎರಡು ತಿಂಗಳು ಕಳೆದಿರಬೇಕು. ತಿಂಗಳ ಕೊನೆ, ಗುರುವಾರ. ಆಗ ಶುಕ್ರವಾರ, ಶನಿವಾರ ರಜೆ. ಮಧ್ಯಾಹ್ನ ಕಡತ ಸೇವ್ ಮಾಡುವಾಗ ಕಂಪ್ಯೂಟರ್ ನಿಂತುಹೋಯಿತು. ಆಫ್ ಮಾಡಿ ಆನ್ ಮಾಡಿದರೆ ಡಿಸ್ಕ್ ತಪಾಸಣೆ ಶುರುವಾಗಿ ಗಂಟೆಗಟ್ಟಲೆ ಮುಗಿಯಲಿಲ್ಲ. ಬ್ಯಾಂಕಿನ ಹೊತ್ತು ಮೀರಿತು. ನೂರೆಂಬತ್ತು ಜನರ ಸಂಬಳ ಗುರುವಾರದ ಬದಲು ಸೋಮವಾರ ಬಿತ್ತು. ನಾಲ್ಕು ದಿನ ತಾನೇ, ನನ್ನ ವರದಿಯಲ್ಲಿ ಅದಕ್ಕೊಂದು ಸಾಲೂ ಇರಲಿಲ್ಲ.

ಬ್ರಹ್ಮಾವರದ ಕಡೆಯ ಒಬ್ಬ ಬಡಗಿ ಮಗಳ ಕಾಲೇಜಿನ ಫೀಸಿಗೆ ಶನಿವಾರದ ಗಡುವು ಇಟ್ಟುಕೊಂಡು ಕಾದಿದ್ದರು. ಕ್ಯಾಂಪಿನಲ್ಲಿ ಒಬ್ಬರ ಹತ್ತಿರ ಸಾವಿರ ದಿರ್ಹಮ್ ಸಾಲ ತೆಗೆದು ಊರಿಗೆ ಕಳಿಸಿದರು. ತಿಂಗಳಿಗೆ ಶೇಕಡ ಹತ್ತು ಬಡ್ಡಿ, ನಾಲ್ಕು ದಿನಕ್ಕೂ ಪೂರ್ತಿ ತಿಂಗಳ ಬಡ್ಡಿ. ಅವರೇನೂ ನನ್ನ ಹತ್ತಿರ ಹೇಳಲಿಲ್ಲ, ನಾನು ಯಾರೆಂದೂ ಅವರಿಗೆ ಗೊತ್ತಿರಲಿಕ್ಕಿಲ್ಲ. ಟೈಮ್‌ಕೀಪರ್ ಹುಡುಗ ಹೇಳಿದ್ದು, ಅದೂ ನಾನು ಕೆದಕಿ ಕೇಳಿದ ಮೇಲೆ. ‘ನೂರು ದಿರ್ಹಮ್ ಬಡ್ಡಿ ಹೋಯ್ತು ಸಾರ್ ಅವರಿಗೆ’ ಎಂದು ಹೇಳಿ ಸುಮ್ಮನೆ ನಿಂತ. ಅಂಥವರು ನಾಲ್ಕು ಜನ ಇದ್ದಿದ್ದರೆ ಎಸ್‌ಎಸ್‌ಡಿಯ ಪೂರ್ತಿ ಬೆಲೆಯನ್ನು ಅವರೇ ಕಟ್ಟಿದಂತಾಯಿತು. ಎಷ್ಟು ಜನ ಇದ್ದರೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಆ ವಾರವೇ ಬರ್‌ದುಬೈನ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ನಾನೇ ಹೋದೆ. 256 ಗಿಗಾಬೈಟಿನ ಡ್ರೈವು, ಯುಎಸ್‌ಬಿ ಕೇಬಲ್ಲು, ಎರಡೂವರೆ ಅಂಗುಲದ ಡ್ರೈವನ್ನು ಡೆಸ್ಕ್‌ಟಾಪಿನಲ್ಲಿ ಕೂರಿಸುವ ತಗಡಿನ ಚೌಕಟ್ಟು. ಹಳೇ ಡಿಸ್ಕನ್ನು ಹಾಗೆಯೇ ಹೊಸದಕ್ಕೆ ನಕಲು ಮಾಡಲು ಎರಡೂವರೆ ಗಂಟೆ ಹಿಡಿಯಿತು. ಬಿಚ್ಚಿ ಕೂರಿಸಲು ಹದಿನೈದು ನಿಮಿಷ. ಬೋರ್ಡು ಹಳೆಯದಾದ್ದರಿಂದ ಡ್ರೈವಿನ ಪೂರ್ತಿ ವೇಗ ಸಿಗಲಿಲ್ಲ, ಅರ್ಧ ಮಾತ್ರ. ಅದು ಮುಖ್ಯವೂ ಅಲ್ಲ. 13 ಮಿಲಿಸೆಕೆಂಡ್ ಬೇಡುತ್ತಿದ್ದ ಜಾಗದಲ್ಲಿ ಈಗ 0.1 ಸಾಕು, ಹಳೇ ಬೋರ್ಡಿನಲ್ಲೂ ಅದು ಸಿಗುತ್ತದೆ. ಸ್ವಿಚ್ ಒತ್ತಿದರೆ ಮುಕ್ಕಾಲು ನಿಮಿಷದೊಳಗೆ ಸಿದ್ಧ. ಹುಡುಗ ಚಾ ತರಲು ಎದ್ದವನು ಮತ್ತೆ ಕೂತ.

ಆ ನಾನೂರನ್ನು ರಿಪೇರಿ ಮತ್ತು ನಿರ್ವಹಣೆ ಖಾತೆಗೆ ಹಾಕಿದೆ. ಇದು ಆಸ್ತಿಯೋ ಖರ್ಚೋ ಎಂದು ಆಡಿಟರ್ ಕೇಳಿದರು. ಕಂಪ್ಯೂಟರಿನ ಆಯಸ್ಸು ಹೆಚ್ಚಿಸಿದ್ದರಿಂದ ಆಸ್ತಿ ಎಂದು ವಾದಿಸಬಹುದಿತ್ತು. ಮೊತ್ತ ಸಣ್ಣದು, ಬಿಡಿ ಎಂದೆ.

ಊರಿನ ಬಗ್ಗೆ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಎಸ್‌ಎಸ್‌ಡಿ ಕೆಡುವಾಗ ಹಾರ್ಡ್ ಡಿಸ್ಕಿನ ಹಾಗೆ ಕಟಕಟ ಸದ್ದು ಮಾಡಿ ಮುನ್ಸೂಚನೆ ಕೊಡುವುದಿಲ್ಲ, ಒಂದು ದಿನ ಸುಮ್ಮನಾಗುತ್ತದೆ. ಅದರಲ್ಲಿರುವುದು ಸಿಕ್ಕಿಸಿಟ್ಟ ವಿದ್ಯುದಾವೇಶ. ವರ್ಷಗಟ್ಟಲೆ ಕರೆಂಟ್ ಕಾಣದೆ, ಅದರಲ್ಲೂ ಸೆಕೆಯಲ್ಲಿ ಬಿದ್ದಿದ್ದರೆ ಸೋರಿಹೋಗಬಹುದು. ಮದುವೆಯ ಫೋಟೋ, ಮನೆಯ ಕ್ರಯಪತ್ರದ ಸ್ಕ್ಯಾನ್ ಎಲ್ಲ ಒಂದೇ ಎಸ್‌ಎಸ್‌ಡಿಗೆ ತುಂಬಿ ಊರಿನ ಬೀರುವಿನಲ್ಲಿ ಇಟ್ಟು ಬರಬೇಡಿ. ಆ ಕೆಲಸಕ್ಕೆ ರಾಮ್ಯಾಕ್ ವಂಶದ ತಿರುಗುವ ಡಿಸ್ಕೇ ವಾಸಿ, ಅದೂ ಎರಡು ಪ್ರತಿ ಇರಲಿ.

ಊಟದ ಗಂಟೆ ಹೊಡೆದರು ಅಂತ ಕಾಣುತ್ತೆ. ಹಳೇ ಲ್ಯಾಪ್‌ಟಾಪ್ ತಂದಿರುವವರು ಊಟವಾದ ಮೇಲೆ ನೋಂದಣಿ ಮೇಜಿನ ಪಕ್ಕ ಬನ್ನಿ. ಸ್ಕ್ರೂಡ್ರೈವರ್, ಕೇಬಲ್ ನನ್ನ ಚೀಲದಲ್ಲಿವೆ. ಬರುವ ಮುಂಚೆ ಬ್ಯಾಕಪ್ ಮಾಡಿಕೊಂಡಿರಿ, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ.