ಸಾಕುಮಕ್ಕಳು ಮಕ್ಕಳಾದ ಚರಿತ್ರೆ

ಮಾರ್ಚ್ 19ರಂದು ಧರ್ಮಸಭೆಯು ಸಂತ ಜೋಸೆಫರ ಮಹೋತ್ಸವವನ್ನು ಆಚರಿಸುತ್ತದೆ. ನಾವು ಅವರನ್ನು ಯೇಸುಸ್ವಾಮಿಯ ಸಾಕುತಂದೆ ಎಂದು ಗೌರವದಿಂದ ಕರೆಯುತ್ತೇವೆ. ಆದರೆ ಸಂತ ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯವನ್ನು ಗಮನವಿಟ್ಟು ಓದಿದರೆ, ಜೋಸೆಫರು ಮಾಡಿದ್ದು ಬರೀ ಸಾಕುವ ಕೆಲಸವಲ್ಲ ಎಂಬುದು ಸ್ಪಷ್ಟವಾಗುತ್ತದೆ. ಮರಿಯಳನ್ನು ಮನೆಗೆ ಸೇರಿಸಿಕೊಳ್ಳಬೇಕು, ಹುಟ್ಟುವ ಮಗುವಿಗೆ ಹೆಸರಿಡಬೇಕು ಎಂದು ದೇವದೂತನು ಅವರಿಗೆ ತಿಳಿಸುತ್ತಾನೆ. ಯೆಹೂದ್ಯರಲ್ಲಿ ಒಬ್ಬ ಪುರುಷನು ಮಗುವಿಗೆ ಹೆಸರಿಟ್ಟನೆಂದರೆ, ಅದು ತನ್ನದೇ ಮಗು ಎಂದು ಊರವರ ಮುಂದೆ ಒಪ್ಪಿಕೊಂಡಂತೆ. ಮತ್ತಾಯನು ಕೊಡುವ ವಂಶಾವಳಿಯಲ್ಲಿ ಯೇಸುಸ್ವಾಮಿ ದಾವೀದನ ಮನೆತನಕ್ಕೆ ಸೇರುವುದು ಜೋಸೆಫರ ಮೂಲಕವೇ. ಅಂದರೆ ಆ ಬಡಗಿ ಮಗುವಿಗೆ ಅನ್ನ ಮತ್ತು ಆಶ್ರಯವನ್ನಷ್ಟೇ ಅಲ್ಲ, ಹೆಸರನ್ನೂ ಮನೆತನವನ್ನೂ ಕೊಟ್ಟರು.

ಪ್ರಿಯರೇ, ಭಾರತದ ಕ್ರೈಸ್ತ ದಂಪತಿಗಳು ತಾವು ಎತ್ತಿ ಬೆಳೆಸಿದ ಮಕ್ಕಳಿಗೆ ಕೊಡಲಾಗದೆ ನೂರಕ್ಕೂ ಹೆಚ್ಚು ವರ್ಷ ಪರಿತಪಿಸಿದ್ದು ಈ ಎರಡನ್ನೇ. ಈ ಚರಿತ್ರೆ ನಮ್ಮ ಅನೇಕ ಕುಟುಂಬಗಳಿಗೆ ತಿಳಿದಿಲ್ಲ.

ಅನಾಥ ಮಕ್ಕಳಿಗೆ ಆಶ್ರಯ ಕೊಡುವುದು ನಮ್ಮ ನಾಡಿನ ಧರ್ಮಸಭೆಗೆ ಹೊಸದೇನಲ್ಲ. 1876-78ರಲ್ಲಿ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸೀಮೆಯನ್ನು ಮಹಾ ಕ್ಷಾಮ ಕಾಡಿದಾಗ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಮಿಷನರಿಗಳು ಅನಾಥಾಲಯಗಳಲ್ಲಿ ಇಟ್ಟು ಸಲಹಿದರು. ಕನ್ಯಾಸ್ತ್ರೀಯರು ಹಸುಳೆಗಳಿಗೆ ತಾಯಂದಿರಾದರು. ಆದರೆ ಅನಾಥಾಲಯ ಎಷ್ಟೇ ಒಳ್ಳೆಯದಿದ್ದರೂ ಅದು ಮನೆಯಲ್ಲ. ಮಕ್ಕಳಿಲ್ಲದ ದಂಪತಿಗಳು ಅಂಥ ಮಗುವನ್ನು ತಮ್ಮ ಮನೆಗೆ ಕರೆತರಲು ಮುಂದಾದಾಗ ಕಾನೂನು ಅಡ್ಡ ನಿಂತಿತು.

1890ರಲ್ಲಿ ಬ್ರಿಟಿಷ್ ಸರಕಾರ 'ಗಾರ್ಡಿಯನ್ಸ್ ಅಂಡ್ ವಾರ್ಡ್ಸ್' ಕಾಯಿದೆಯನ್ನು, ಅಂದರೆ ಪಾಲಕರು ಮತ್ತು ಪಾಲಿತರ ಕಾಯಿದೆಯನ್ನು, ಜಾರಿಗೆ ತಂದಿತು. ದತ್ತು ಪದ್ಧತಿಗೆ ಕಾನೂನಿನ ಮನ್ನಣೆ ಇಲ್ಲದ ಕ್ರೈಸ್ತರಿಗೆ ಉಳಿದ ದಾರಿ ಅದೊಂದೇ. ನ್ಯಾಯಾಲಯ ದಂಪತಿಗಳನ್ನು ಮಗುವಿನ 'ಪಾಲಕರು' ಎಂದು ನೇಮಿಸುತ್ತಿತ್ತು, 'ತಂದೆತಾಯಿ' ಎಂದಲ್ಲ. ಮಗು ಪ್ರಾಪ್ತ ವಯಸ್ಸಿಗೆ ಬಂದೊಡನೆ ಆ ಸಂಬಂಧವೂ ಕಾನೂನಿನ ಕಣ್ಣಿನಲ್ಲಿ ಮುಗಿದುಹೋಗುತ್ತಿತ್ತು. ಸಾಕಿದವರು ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿ ಬಂಧುಗಳ ಪಾಲು. ಕೊನೆಗಾಲದವರೆಗೂ ಅವರ ಸೇವೆ ಮಾಡಿದ ಮಗ ಅಥವಾ ಮಗಳು ಅದೇ ಮನೆಯ ಹೊಸ್ತಿಲಲ್ಲಿ ಪರಕೀಯರಾಗುತ್ತಿದ್ದರು.

ಸಮಾಜದ ಕಣ್ಣೂ ಅನೇಕ ವೇಳೆ ಕಾನೂನಿನಂತೆಯೇ ಇತ್ತು. ಗೋವೆಯ ಹಳೆಯ ಕ್ರೈಸ್ತ ಮನೆತನಗಳಲ್ಲಿ 'ಪೊಸ್ಕೆಂ' ಎಂದು ಕರೆಯಲ್ಪಟ್ಟ ಸಾಕುಮಕ್ಕಳಿದ್ದರು. ಕೆಲವರು ಮಕ್ಕಳಂತೆಯೇ ಬೆಳೆದರು. ಆದರೆ ಅನೇಕರು ಮನೆಗೆಲಸದವರಾಗಿಯೇ ಮುಪ್ಪಾದರು.

ಸ್ವಾತಂತ್ರ್ಯಾನಂತರ, 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಪೂರ್ಣ ದತ್ತು ಹಕ್ಕನ್ನು ಕೊಟ್ಟಿತು. ಕ್ರೈಸ್ತರು, ಮುಸ್ಲಿಮರು, ಪಾರ್ಸಿಗಳು 1890ರ ಕಾಯಿದೆಯಲ್ಲೇ ಉಳಿದರು. ಎಲ್ಲರಿಗೂ ಒಂದೇ ದತ್ತು ಕಾಯಿದೆ ಇರಲೆಂದು 1972ರಲ್ಲಿ ಸಂಸತ್ತಿನ ಮುಂದೆ ಬಂದ ಮಸೂದೆ ವಿರೋಧದಿಂದಾಗಿ ಬಿದ್ದುಹೋಯಿತು. ಮುಸ್ಲಿಮರನ್ನು ಹೊರತುಪಡಿಸಿ 1980ರಲ್ಲಿ ತಂದ ಮಸೂದೆಯೂ ಕಾಯಿದೆಯಾಗಲಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ನಾವು ಗಮನಿಸಬೇಕು. ಧರ್ಮಸಭೆ ದತ್ತುವನ್ನು ಎಂದೂ ನಿರಾಕರಿಸಿರಲಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 110ನೇ ವಿಧಿಯ ಪ್ರಕಾರ, ದೇಶದ ಕಾನೂನಿನಂತೆ ದತ್ತು ಪಡೆದ ಮಕ್ಕಳು ದತ್ತು ಪಡೆದವರ ಮಕ್ಕಳೇ. ಸ್ನಾನದೀಕ್ಷೆಯ ದಾಖಲೆಯಲ್ಲಿ ಅವರ ಹೆಸರನ್ನು ಬರೆಯಬೇಕೆಂದು 877ನೇ ವಿಧಿ ಹೇಳುತ್ತದೆ. ಆದರೆ ಕ್ರೈಸ್ತರ ದತ್ತುವಿಗೆ ದೇಶದ ಕಾನೂನೇ ಇಲ್ಲದಿದ್ದಾಗ ಧರ್ಮಸಭೆಯ ಈ ವಿಧಿ ಯಾವುದನ್ನು ಆಧರಿಸಿ ನಿಲ್ಲಬೇಕು? ದೇವಾಲಯದ ಬಾಗಿಲು ತೆರೆದಿತ್ತು, ಅಲ್ಲಿಗೆ ಹೋಗುವ ದಾರಿ ಇರಲಿಲ್ಲ.

ಬದಲಾವಣೆ ನಿಧಾನವಾಗಿ ಬಂತು. ಭಾರತದ ಮಕ್ಕಳನ್ನು ದತ್ತುವಿನ ಹೆಸರಿನಲ್ಲಿ ವಿದೇಶಗಳಿಗೆ ಕಳುಹಿಸುವಾಗ ನಡೆಯುತ್ತಿದ್ದ ಅವ್ಯವಹಾರಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆಯವರು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಅದನ್ನೇ ಅರ್ಜಿಯಾಗಿ ಸ್ವೀಕರಿಸಿದ ನ್ಯಾಯಾಲಯ 1984ರಲ್ಲಿ ಕಟ್ಟುನಿಟ್ಟಿನ ನಿಯಮಗಳನ್ನು ರೂಪಿಸಿತು. ಇದರ ಫಲವಾಗಿ 1990ರಲ್ಲಿ, ಇಂದು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ ಎಂದು ಕರೆಯಲ್ಪಡುವ ಸಂಸ್ಥೆ ಹುಟ್ಟಿತು. 1999ರಲ್ಲಿ ಕೇರಳ ಹೈಕೋರ್ಟು ಕ್ರೈಸ್ತ ದಂಪತಿಗಳ ದತ್ತುಪುತ್ರನಿಗೆ ಆಸ್ತಿಯಲ್ಲಿ ಹಕ್ಕಿದೆ ಎಂದು ತೀರ್ಪು ನೀಡಿತು. ಅದೇ ಸುಮಾರಿಗೆ ಮುಂಬೈ ಹೈಕೋರ್ಟು ಕ್ರೈಸ್ತ ದಂಪತಿಗಳ ಅರ್ಜಿಯಲ್ಲಿ, ಪರಿತ್ಯಕ್ತ ಮಗುವಿಗೆ ಮನೆ ಮತ್ತು ಹೆಸರು ದೊರೆಯುವುದು ಅದರ ಜೀವಿಸುವ ಹಕ್ಕಿನ ಭಾಗವೇ ಎಂದು ಹೇಳಿತು. ಅಲ್ಲಿಯವರೆಗೆ ದೊಡ್ಡವರ ಧರ್ಮ ಯಾವುದು ಎಂದು ಕೇಳುತ್ತಿದ್ದ ಕಾನೂನು, ಮಗುವಿಗೆ ಏನು ಬೇಕು ಎಂದು ಕೇಳತೊಡಗಿತು.

2000ದ ಬಾಲನ್ಯಾಯ ಕಾಯಿದೆಯು ದತ್ತುವನ್ನು ಮಕ್ಕಳ ರಕ್ಷಣೆಯ ಭಾಗವಾಗಿಸಿತು. 2006ರ ತಿದ್ದುಪಡಿಯು ದತ್ತು ಮಗುವನ್ನು ಎಲ್ಲ ಹಕ್ಕುಬಾಧ್ಯತೆಗಳುಳ್ಳ ನ್ಯಾಯಸಮ್ಮತ ಮಗುವೆಂದು ಸಾರಿತು. ಯಾವ ಧರ್ಮದವರೇ ಆಗಲಿ ಈ ಕಾಯಿದೆಯಡಿ ದತ್ತು ಪಡೆಯಬಹುದೆಂದು 2014ರಲ್ಲಿ ಶಬ್ನಂ ಹಶ್ಮಿಯವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟು ಖಚಿತಪಡಿಸಿತು. 2015ರ ಹೊಸ ಬಾಲನ್ಯಾಯ ಕಾಯಿದೆ ಇನ್ನೂ ಸ್ಪಷ್ಟ. ತಂದೆತಾಯಿ ಉಯಿಲು ಬರೆಯದೆ ತೀರಿಕೊಂಡರೂ ದತ್ತು ಮಗು ಹೆತ್ತ ಮಗುವಿನಂತೆಯೇ ವಾರಸುದಾರ.

ಈ ಹಕ್ಕು ಸಿಗಬೇಕಾದರೆ ದಾರಿಯೂ ನೇರವಾಗಿರಬೇಕು. ಪರಿತ್ಯಕ್ತ ಮಗು ಸಿಕ್ಕಿದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬೇಕು. 1098 ಸಂಖ್ಯೆಗೆ ಕರೆ ಮಾಡಬಹುದು. ಸಮಿತಿ ಮೊದಲು ಮಗುವಿನ ಸ್ವಂತ ಕುಟುಂಬವನ್ನು ಹುಡುಕುತ್ತದೆ. ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಾಯಿಸಲು 60 ದಿನಗಳ ಅವಕಾಶವಿದೆ, ಅವಳ ಕಣ್ಣೀರಿಗೂ ಕಾನೂನಿನಲ್ಲಿ ಬೆಲೆಯಿದೆ. ಆನಂತರವೇ ಮಗು ದತ್ತುವಿಗೆ ಮುಕ್ತ. ದತ್ತು ಬಯಸುವವರು ಪ್ರಾಧಿಕಾರದ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. ಅವರ ಮನೆಯ ಪರಿಸ್ಥಿತಿಯನ್ನು ಸಮಾಜ ಕಾರ್ಯಕರ್ತರು ಬಂದು ನೋಡುತ್ತಾರೆ. 2022ರ ಸೆಪ್ಟೆಂಬರ್‌ನಿಂದ ಅಂತಿಮ ಆದೇಶ ಹೊರಡಿಸುವವರು ಜಿಲ್ಲಾಧಿಕಾರಿಗಳು.

ಕಾಯುವ ಬೇಸರದಿಂದ ಕೆಲವರು ಆಸ್ಪತ್ರೆಯಿಂದಲೋ ಮಧ್ಯವರ್ತಿಯಿಂದಲೋ ಮಗುವನ್ನು ತರುವುದುಂಟು. ಇದು ಶಿಕ್ಷಾರ್ಹ ಅಪರಾಧ. ಅದಕ್ಕಿಂತ ಮಿಗಿಲಾಗಿ, ಹಾಗೆ ತಂದ ಮಗು ಮತ್ತೆ ಹೆಸರೂ ಹಕ್ಕೂ ಇಲ್ಲದ ಹಳೆಯ ಸ್ಥಿತಿಗೇ ಜಾರುತ್ತದೆ. ಹಿಂದೆ 1890ರ ಕಾಯಿದೆಯಡಿ ಮಕ್ಕಳನ್ನು ಬೆಳೆಸಿದ ಹಿರಿಯರು ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದರೆ, ತಡಮಾಡದೆ ಉಯಿಲು ಬರೆದಿಡುವುದು ಅವರು ಆ ಮಕ್ಕಳಿಗೆ ಮಾಡಬಹುದಾದ ದೊಡ್ಡ ಉಪಕಾರ.

ಇಂದು ಎಳೆ ಮಗುವಿಗಾಗಿ ಕಾಯುವ ದಂಪತಿಗಳು ಬಹಳ. ಆದರೆ ಆರೇಳು ವರ್ಷ ದಾಟಿದವರು, ಅಂಗವೈಕಲ್ಯವುಳ್ಳವರು, ಒಬ್ಬರನ್ನೊಬ್ಬರು ಬಿಟ್ಟಿರಲಾರದ ಒಡಹುಟ್ಟಿದವರು, ಇವರಿಗಾಗಿ ಬರುವವರು ವಿರಳ. ಕಾನೂನು ಬಾಗಿಲನ್ನು ತೆರೆದಿದೆ. ಯಾರ ಮಕ್ಕಳಿಗಾಗಿ ತೆರೆಯಬೇಕೆಂದು ನಿರ್ಧರಿಸಬೇಕಾದವರು ನಾವು.

ಜೋಸೆಫರು ತಮಗೆ ಬೇಕಾದ ಮಗುವನ್ನು ಆರಿಸಿಕೊಳ್ಳಲಿಲ್ಲ. ದೇವರು ಒಪ್ಪಿಸಿದ ಮಗುವಿಗೆ ತಂದೆಯಾದರು. ನಮ್ಮ ಮನೆಗಳಲ್ಲಿ ಬೆಳೆಯುವ ದತ್ತು ಮಕ್ಕಳನ್ನು 'ಸಾಕಿದ ಮಗು' ಎಂದು ಬೆರಳು ತೋರಿಸದೆ, ಧರ್ಮಕೇಂದ್ರದ ಮಕ್ಕಳೆಂದು ಹೆಸರಿಡಿದು ಕರೆಯೋಣ. ಸಂತ ಜೋಸೆಫರು ಇಂಥ ಎಲ್ಲ ಕುಟುಂಬಗಳಿಗಾಗಿ ಪ್ರಾರ್ಥಿಸಲಿ.